ಹಕ್ಕಿಯೊಳಗಿನ ನೀಲಿ ಬೋಟ್

ಅಂಕೋಲೆ ಬಸ್‌ಸ್ಟ್ಯಾಂಡಿನ ಹಿಂದಿನ ಕಟಿಂಗ್ ಅಂಗಡಿಯಲ್ಲಿ ಕೂದಲಿಗೆ ಬಣ್ಣ ಹಚ್ಚಿಸಿಕೊಳ್ಳುತ್ತ ಕೂತಿದ್ದೆ. ಬಟ್ಟಲಲ್ಲಿ ಕಲಸಿದ ಕರಿ ಹಿಟ್ಟಿನಿಂದ ಅಮೋನಿಯದ ವಾಸನೆ ಎದ್ದು ಮೂಗಿಗೆ ಹೊಡೆಯಿತು. ಕಣ್ಣಲ್ಲಿ ನೀರು ಬಂತು. "ಉರೀತದ್ಯಾ?" ಎಂದ ಅಂಗಡಿಯವ. ಇಲ್ಲ ಎಂದೆ. ಆದರೆ ನನ್ನ ಎರಡೂ ಕೈ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದಿದ್ದವು, ಕಾಲು ಎದ್ದು ಓಡಲು ತಯಾರಾಗಿತ್ತು. ಇದನ್ನು ನೆನಪು ಎಂದು ಕರೆಯಲು ನನಗೆ ಮನಸ್ಸಿಲ್ಲ. ನೆನಪು ಎಂದರೆ ಆಮೇಲೆ ಕೂತು ಹೊಲಿದದ್ದು, ಅಂಚು ಮಡಚಿ ಇಸ್ತ್ರಿ ಹಾಕಿದ್ದು. ಇದು ಬರೀ ಕಾಲು.

ಹೊಲಿದದ್ದು ಹೇಗಿದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಒಂದು ಮಳೆಗಾಲದ ಕೊನೆಗೆ ನನ್ನ ಅಣ್ಣ ಪುರ್ಸು ಫೋನಿನಲ್ಲಿ ಒಂದು ಚಿತ್ರ ನೋಡಿ ಮೋಸಹೋದ. ಕೇಣಿಯ ಹುಡುಗರನ್ನು ಕಟ್ಟಿಕೊಂಡು ಕಾರವಾರಕ್ಕೆ ಬಂದ. ನಮ್ಮ ಸ್ವಂತ ಸೋದರಮಾವನ ಬಲಗೈ ಹಾಳಾಯಿತು. ತಪ್ಪು ಫೋನಿನದು. ನಮ್ಮ ನೆಂಟರಿಷ್ಟರಲ್ಲಿ ಈ ಕತೆ ಇಷ್ಟು ವರ್ಷ ಹೀಗೇ ಓಡಾಡಿಕೊಂಡಿದೆ. ನಾನೂ ಹೀಗೇ ಹೇಳುತ್ತ ಬಂದಿದ್ದೇನೆ. ಇದು ಬಹಳ ಚೆನ್ನಾಗಿ ಕೂತುಕೊಳ್ಳುತ್ತದೆ, ಯಾರ ಮೈಗೂ ಚುಚ್ಚುವುದಿಲ್ಲ. ನನಗೆ ಇದರ ಮೇಲೆ ಅನುಮಾನ ಬಂದದ್ದೇ ಅದಕ್ಕೆ.

ಎರಡು ಸಾವಿರದ ಏಳು ಇರಬೇಕು. ನಾನು ಕಾರವಾರದ ಬೈತಖೋಲ ಬಂದರಿನ ಒಂದು ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೆ. ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟ ತಗಡಿನ ಡಬ್ಬಗಳಲ್ಲಿ ನೀರು ಗಡ್ಡೆ ಕಟ್ಟುತ್ತಿತ್ತು. ಆ ಗಡ್ಡೆಗಳಿಗೆ ಕೊಕ್ಕೆ ಹಾಕಿ ಎಳೆದು ಕ್ರಷರಿನ ಬಾಯಿಗೆ ತಳ್ಳುವುದು ನನ್ನ ಕೆಲಸ. ಒಳಗೆ ಹಲ್ಲುಗಳಿರುವ ಉರುಳೆ ತಿರುಗುತ್ತಿತ್ತು. ಅದು ಐಸನ್ನು ಅಗಿದು ಪುಡಿ ಮಾಡಿ ಕೊಳವೆಯಿಂದ ನೇರವಾಗಿ ಬೋಟಿನ ಹೊಟ್ಟೆಗೆ ಉಗುಳುತ್ತಿತ್ತು. ತಲೆಯ ಮೇಲಿನ ಪೈಪುಗಳಲ್ಲಿ ಅಮೋನಿಯ ಹರಿಯುತ್ತಿತ್ತು. ಯಂತ್ರ ನೋಡಿಕೊಳ್ಳುವ ಇನಾಸ್ ಎಂಬಾತ ಬೆಳಗಿನಿಂದ ಸಂಜೆಯವರೆಗೆ ಆ ಪೈಪುಗಳ ಜೊತೆ ಕೊಂಕಣಿಯಲ್ಲಿ ಜಗಳಾಡುತ್ತಿದ್ದ.

ನಮ್ಮೂರು ಕೇಣಿ. ಅಲ್ಲಿ ಆಯಿ, ಪುರ್ಸು. ಅಪ್ಪ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡಿದ್ದ. ನಮಗೆ ಸಮುದ್ರ ಕಲಿಸಿದವನು ಆಯಿಯ ತಮ್ಮ, ಶಾಣು ಮಾವ. ಸಂಜೆ ಹೊತ್ತು ಮರಳಿನ ಮೇಲೆ ನಮ್ಮಿಬ್ಬರನ್ನೂ ಕೂರಿಸಿಕೊಂಡು ದೂರದಲ್ಲಿ ಬರುವ ದೋಣಿ ತೋರಿಸಿ "ಯಾರ್ದು ಹೇಳಿ ಕಾಂಬ" ಎನ್ನುತ್ತಿದ್ದ. ಬಣ್ಣ ಕಾಣುವವರೆಗೆ ನಾನು ಕಾಯುತ್ತಿದ್ದೆ. ಪುರ್ಸು ಕಾಯುತ್ತಿರಲಿಲ್ಲ. ದೋಣಿ ಇನ್ನೂ ಕರಿ ಚುಕ್ಕೆಯಾಗಿರುವಾಗಲೇ ಯಾರದೆಂದು ಹೇಳಿಬಿಡುತ್ತಿದ್ದ. ಮಾವ ಅವನ ಬೆನ್ನಿಗೆ ಗುದ್ದಿ, "ಇಂವ ತಾಂಡೇಲ ಆಗ್ತ. ನೀನು ಮಾಸ್ತರ ಆಗು ತಮಾ" ಎಂದು ನಗುತ್ತಿದ್ದ.

ತಾಂಡೇಲ ಆದದ್ದು ಮಾವನೇ. ಬೋಟು ನಡೆಸಿ, ನೀರಿನ ಬಣ್ಣ ನೋಡಿ, ಬಲೆ ಎಲ್ಲಿ ಬಿಡಬೇಕೆಂದು ಬಲಗೈ ಎತ್ತಿ ತೋರಿಸುವವನು ತಾಂಡೇಲ. ಕೇಣಿ ಬಿಟ್ಟು ಕಾರವಾರದ ಒಬ್ಬ ಮಾಲಕನ ಪರ್ಸಿನ್ ಬೋಟಿಗೆ ಹೋದ. ಮೀನಿನ ಇಡೀ ಹಿಂಡನ್ನು ಸುತ್ತುವರಿದು ತಳದಿಂದ ಚೀಲದ ಹಾಗೆ ಬಿಗಿಯುವ ದೊಡ್ಡ ಬಲೆಯ ಬೋಟು ಅದು. ಬಣ್ಣ ನೀಲಿ. ಇಂಥ ಬೋಟುಗಳು ದಡದ ಹತ್ತಿರ ಬಂದು ಗುಡಿಸಿಕೊಂಡು ಹೋದರೆ ಕೇಣಿಯ ಸಣ್ಣ ದೋಣಿಗಳಿಗೆ ಉಳಿಯುವುದು ನೀರು. ಮಾವ ಆ ಕಡೆ ಸೇರಿದ್ದನ್ನು ಊರು ಕ್ಷಮಿಸಲಿಲ್ಲ. ಪುರ್ಸುವಂತೂ ಮಾವ ಚೌತಿಗೆ ಬಂದರೆ ಹಿತ್ತಿಲ ಬಾಗಿಲಿನಿಂದ ಎದ್ದು ಹೋಗುತ್ತಿದ್ದ.

ಈಗ ಫೋನು. ಮಲ್ಲಾಪುರದ ಕ್ವಾರ್ಟರ್ಸಿನ ಹುಡುಗನೊಬ್ಬನಿಂದ ಪುರ್ಸು ಅದನ್ನು ತಕ್ಕೊಂಡಿದ್ದ. ಹೆಬ್ಬೆರಳಿನಷ್ಟು ಅಗಲದ ಪರದೆ, ಕೆಳಗೆ ಸವೆದ ಗುಂಡಿಗಳು. ಅದರೊಳಗೆ ಒಂದು ಬ್ರೌಸರ್ ಮೊದಲೇ ಕೂತಿತ್ತು. ಅದರ ನಿಜವಾದ ಹೆಸರು ನನಗೆ ನೆನಪಿಲ್ಲ. ಗುರುತಿಗೆ ಒಂದು ಪುಟ್ಟ ಹಕ್ಕಿಯ ಚಿತ್ರ ಇದ್ದುದರಿಂದ ಪುರ್ಸು ಅದನ್ನು ಹಕ್ಕಿ ಎನ್ನುತ್ತಿದ್ದ. ಹಕ್ಕಿ ಒತ್ತಿದರೆ ಬೇಡಿಕೆ ಎಲ್ಲೋ ದೂರದೇಶದ ಯಂತ್ರಕ್ಕೆ ಹೋಗಿ, ಆ ಯಂತ್ರ ಪುಟವನ್ನು ಹಿಂಡಿ, ಕುಗ್ಗಿಸಿ, ತುಂಡುತುಂಡಾಗಿ ಕಳಿಸುತ್ತಿತ್ತು. ಕನ್ನಡ ಅಕ್ಷರಗಳೆಲ್ಲ ಸಾಲಾಗಿ ಖಾಲಿ ಚೌಕಗಳಾಗಿ ಬರುತ್ತಿದ್ದವು. ಇಂಗ್ಲಿಷನ್ನು ಪುರ್ಸು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದ. ಚಿತ್ರಗಳು ಮಾತ್ರ ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಇಳಿಯುತ್ತಿದ್ದವು. ಅದನ್ನು ನೋಡಲು ಹುಡುಗರು ಅವನ ಭುಜದ ಮೇಲೆ ಬೀಳುತ್ತಿದ್ದರು. "ದಬ್ಬಬೇಡ್ರೋ, ಹಕ್ಕಿ ಹಾರಿಹೋಗ್ತದೆ" ಎಂದು ಅವನು ಮೊಣಕೈಯಿಂದ ತಿವಿಯುತ್ತಿದ್ದ. ಬೇಕಾದ ಪುಟವನ್ನು ಫೋನಿನಲ್ಲೇ ಇಟ್ಟುಕೊಳ್ಳುವ ಉಪಾಯವೂ ಅದರಲ್ಲಿತ್ತು.

ಚೌತಿ ಮುಗಿದ ಮೇಲೆ ಒಂದು ಬೆಳಿಗ್ಗೆ ಪುರ್ಸು ಮತ್ತು ಪಕ್ಕದ ಮನೆಯ ದೇವು ಸಣ್ಣ ದೋಣಿಯಲ್ಲಿ ಬಲೆ ಬಿಟ್ಟು ಕೂತಿದ್ದರು. ಆಗ ನಾನು ಅಲ್ಲಿರಲಿಲ್ಲ. ಪುರ್ಸು ಹೇಳಿದ್ದನ್ನು ಹೇಳುತ್ತೇನೆ. ಮಳೆ ದಟ್ಟವಾಗಿ ಸುರಿಯುತ್ತಿತ್ತು. ಇಂಜಿನ್ನಿನ ಸದ್ದು ಕೇಳಿತು, ಬೋಟು ಕಾಣಲಿಲ್ಲ. ದೇವು ಎದ್ದು ನಿಂತು ಕೂಗಿದ. ಮುಂದಿನ ಕ್ಷಣ ಬಲೆಯ ಹಗ್ಗ ಬಿಗಿದು ದೋಣಿಯ ಅಂಚು ಸೀಳಿತು, ದೋಣಿ ಮಗುಚಿತು. ಬೋಟು ಅವರ ಬಲೆಯನ್ನು ಎಳೆದುಕೊಂಡು ಅವರ ಮೇಲಿಂದಲೇ ಹೋಯಿತು. ನೀರು ಕೆಂಪಾಗಿ ಕುದಿಯಿತು. ಪುರ್ಸು ಕೈಚಾಚಿದಾಗ ದೇವುವಿನ ಕೂದಲು ಸಿಕ್ಕಿತು. ಎಳೆದ.

"ಹಗುರ ಇದ್ದ ತಮಾ" ಎಂದ ನನಗೆ, ಹೆಣ ಸುಟ್ಟು ಬಂದ ದಿನ. "ಎಳ್ದೆ. ಹಗುರ ಇದ್ದ. ಅರ್ಧ ಇದ್ದ."

ಊರಿನವರೆಲ್ಲ ಅವನಿಗೆ ಕೇಳಿದ್ದು ಒಂದೇ ಪ್ರಶ್ನೆ: ಬೋಟು ಯಾವ ಬಣ್ಣ? ನಮ್ಮ ಕರಾವಳಿಯಲ್ಲಿ ಬೋಟಿನ ಬಣ್ಣವೇ ಅದರ ಮನೆತನ. ಒಬ್ಬ ಮಾಲಕನ ಬೋಟುಗಳಿಗೆ ಒಂದೇ ಬಣ್ಣ. "ಮಳೆ. ಕಾಣ್ಲಿಲ್ಲ" ಎಂದ ಪುರ್ಸು. ದೇವುವಿನ ಹೆಂಡತಿ ಅಂಗಳದಿಂದ ಎದ್ದು ಬಂದು ಅವನ ಕೆನ್ನೆಗೆ ಹೊಡೆದಳು. "ಕಾಣ್ಲಿಲ್ವಾ? ನಿನ್ ಕಣ್ಣೆಂತಕ್ಕೆ ಅದೆ? ಕಿತ್ತು ಕೊಡು ನಂಗೆ!" ಇನ್ನೊಂದು ಕೆನ್ನೆಗೂ ಹೊಡೆದಳು. ಅವನು ಮುಖ ತಿರುಗಿಸಲಿಲ್ಲ. ಆ ಸಂಜೆ ಹುಟ್ಟನ್ನು ತೆಂಗಿನ ಮರಕ್ಕೆ ಬಡಿದು ಬಡಿದು ಚೂರು ಮಾಡಿದ. ಆಮೇಲೆ ಬರಿಗೈಯಲ್ಲಿ ಬಡಿದ.

ಕೆಲವು ದಿನ ಕಳೆದ ಮೇಲೆ ಒಂದು ಸಣ್ಣ ಸುದ್ದಿ ವೆಬ್‌ಸೈಟಿನಲ್ಲಿ ಚಿತ್ರವೊಂದು ಬಂತು. ಆ ಬೆಳಿಗ್ಗೆ ಮಳೆ ಬಿಟ್ಟಾಗ ಗುಡ್ಡದ ಮೇಲಿಂದ ಯಾರೋ ಸಮುದ್ರದ ಫೋಟೋ ತೆಗೆದಿದ್ದರು. ಬೋಟೊಂದು ಅಡ್ಡವಾಗಿ ಹೋಗುತ್ತಿದೆ, ಹಿಂದೆ ಹರಿದ ಬಲೆ ತೇಲುತ್ತಿದೆ. ಪುರ್ಸು ನನಗೆ ಫೋನು ಮಾಡಿದ. ನಾನು ಕ್ರಷರಿನ ಮುಂದೆ ಇದ್ದೆ.

"ಸಿಕ್ತು ತಮಾ. ಹಕ್ಕಿಯೊಳ್ಗೆ ಬಂದದೆ. ನೀಲಿ."

"ನೀಲಿ ಯಾರ್ದು?"

"ಯಾರ್ದು ಅಂತ ಕೇಳ್ತೆ? ನೀ ದಿನಾ ಐಸ್ ತುಂಬ್ಸಿ ಕಳ್ಸೂದು ಯಾರಿಗೆ?"

ಅವನ ಹಿಂದೆ ಬಹಳ ಜನರ ಗಲಾಟೆ ಕೇಳುತ್ತಿತ್ತು. ಫೋನು ಕಟ್ಟಾಯಿತು.

ನಾನು ಬಂದರಿನಿಂದ ಪೇಟೆಗೆ ಓಡಿದೆ. ಸೈಬರ್ ಕೆಫೆಯಲ್ಲಿ ಅದೇ ಪುಟ ತೆರೆಸಿದೆ. ದೊಡ್ಡ ಪರದೆಯ ಮೇಲೆ ಬೋಟು ಹಸಿರಾಗಿತ್ತು. ಪಾಚಿಯಂಥ ಹಸಿರು. ಕಾರವಾರದಲ್ಲಿ ಆ ಹಸಿರಿನ ಬೋಟು ಇರಲಿಲ್ಲ, ಹೊರಗಿನ ಬಂದರಿನದಿರಬೇಕು. ಫೋನಿನಲ್ಲಿ ನೀಲಿ ಬಂದಿದೆಯಂತೆ ಎಂದೆ. ಅಂಗಡಿಯವ ಆಕಳಿಸುತ್ತ, "ಮೊಬೈಲಲ್ಲಿ ಹಂಗೇ ಬರೂದು ಮಾರಾಯಾ. ಪೂರ್ತಿ ಬಣ್ಣ ಕಳ್ಸಿದ್ರೆ ಭಾರ ಆಗ್ತದೆ ಅಂತ ಅಲ್ಲೇ ಕಡಿಮೆ ಮಾಡಿ ಕಳಸ್ತಾರೆ. ಹತ್ರದ ಬಣ್ಣ ಎಲ್ಲಾ ಒಂದೇ" ಎಂದ. ಪುರ್ಸುವಿಗೆ ಫೋನು ಹಚ್ಚಿದೆ. ರಿಂಗಾಗುತ್ತಿತ್ತು, ಎತ್ತುವವರಿಲ್ಲ. ಕೇಣಿಯ ಕೋಳಿ ಅಂಗಡಿಗೆ ಹಚ್ಚಿದರೆ, ಎರಡು ಟೆಂಪೋ ತುಂಬ ಹುಡುಗರು ಆಗಲೇ ಹೊರಟರು ಎಂದರು. ದಾರಿಯಲ್ಲಿ ಸಿಗುವ ಅವರ್ಸಾ ದಾಟಿರಬಹುದು.

ಇಲ್ಲಿಂದ ಮುಂದೆ ನನ್ನ ಕತೆ ಹೀಗಿತ್ತು: ಚಿತ್ರವನ್ನು ಬಣ್ಣದಲ್ಲಿ ಪ್ರಿಂಟ್ ಮಾಡಿಸಿ ಓಡಿ ಬಂದೆ, ಟೆಂಪೋದಿಂದ ಇಳಿದವರ ಮುಂದೆ ಎತ್ತಿ ಹಿಡಿದೆ, ಮಳೆಗೆ ಶಾಯಿ ತೊಳೆದುಹೋಗಿ ಹಸಿರು ಕರಗಿತು, ಯಾರೂ ನಂಬಲಿಲ್ಲ. ಎಷ್ಟೋ ಮಂದಿಗೆ ಹೀಗೆ ಹೇಳಿದ್ದೇನೆ. ಕೇಳಿದವರು ತಲೆಯಾಡಿಸುತ್ತಿದ್ದರು. ಆದರೆ ಆ ಕೆಫೆಯಲ್ಲಿ ಆಗ ಇದ್ದದ್ದು ಕಪ್ಪು ಬಿಳುಪಿನ ಪ್ರಿಂಟರ್ ಮಾತ್ರ. ಇದು ನನಗೆ ಆಮೇಲೆ ಹೊಳೆಯಿತು, ಅಂಗಡಿಯವನನ್ನು ಕೇಳಿ ಖಾತ್ರಿ ಮಾಡಿಕೊಂಡೆ. ನನ್ನ ಕೈಯಲ್ಲಿದ್ದ ಕಾಗದದಲ್ಲಿ ಬೋಟು ನೀಲಿಯೂ ಅಲ್ಲ, ಹಸಿರೂ ಅಲ್ಲ, ಬೂದಿ ಬಣ್ಣದ್ದು. ಶಾಯಿ ತೊಳೆದ ಮಳೆಯನ್ನು ನಾನು ಯಾವಾಗ ಸೇರಿಸಿದೆನೋ ಗೊತ್ತಿಲ್ಲ. ಆ ಮಧ್ಯಾಹ್ನ ಬಿಸಿಲಿತ್ತು ಎಂದು ಇನಾಸ್ ಹೇಳುತ್ತಾನೆ.

ನೀಲಿ ಬೋಟು ಐಸ್ ತುಂಬಿಸಿಕೊಳ್ಳುತ್ತ ಫ್ಯಾಕ್ಟರಿಯ ಮುಂದೆಯೇ ನಿಂತಿತ್ತು. ಮಾವ ಕ್ರಷರಿನ ಬಳಿ ನಿಂತು ಕೊಳವೆಯ ಮೇಲೆ ಕಣ್ಣಿಟ್ಟಿದ್ದ.

"ಮಾವ, ಓಡಿ. ಪುರ್ಸಣ್ಣ ಜನ ಕಟ್ಟಿಕಂಡು ಬತ್ತಾ ಇದ್ದ. ದೇವುನ್ನ ಕೊಂದದ್ದು ನಿಮ್ ಬೋಟು ಅಂತ ತಿಳ್ಕಂಡಿದಾರೆ."

ಅವನ ಮುಖದಲ್ಲಿ ಹೆದರಿಕೆ ಬರಲಿಲ್ಲ. ನನಗೆ ಈಗಲೂ ಅದೇ ಕಾಣುತ್ತದೆ. "ನಾ ಎಂತಕ್ಕೆ ಓಡೂದು? ಪುರ್ಸು ಬರ್ಲಿ. ಅಂವ ಒಂದ್ಸಲ ಬೋಟ್ ಕಂಡ್ರೆ ಸಾಕು, ಅವ್ನಿಗೇ ಗೊತ್ತಾಗ್ತದೆ."

ಟೆಂಪೋ ನಿಲ್ಲುವ ಮೊದಲೇ ಹುಡುಗರು ಜಿಗಿದರು. ಹುಟ್ಟು, ಕಬ್ಬಿಣದ ಸರಳು, ಕಲ್ಲು ಕಟ್ಟಿದ ಹಗ್ಗ. ಬೋಟಿನ ಮೇಲಿದ್ದ ಒಬ್ಬನ ತಲೆಗೆ ಮೊದಲ ಏಟು ಬಿತ್ತು, ಅವನು ನೀರಿಗೆ ಬಿದ್ದ. ಉಳಿದ ಖಲಾಸಿಗಳು ಫ್ಯಾಕ್ಟರಿಯೊಳಗೆ ನುಗ್ಗಿ ಐಸಿನ ಕೊಕ್ಕೆ ಎತ್ತಿಕೊಂಡರು. ಒಬ್ಬನ ತೊಡೆಗೆ ಕೊಕ್ಕೆ ಹೊಕ್ಕು ಎಳೆದದ್ದನ್ನು ನಾನು ಕಂಡೆ. ಒದ್ದೆ ನೆಲ, ಐಸಿನ ಚೂರು, ಅದರ ಮೇಲೆ ರಕ್ತ. ಎಲ್ಲರೂ ಜಾರಿ ಬೀಳುತ್ತಿದ್ದರು, ಬಿದ್ದವರನ್ನು ತುಳಿದು ಹೊಡೆಯುತ್ತಿದ್ದರು. ಐಸಿನ ಗಡ್ಡೆಯೊಂದನ್ನು ಇಬ್ಬರು ಎತ್ತಿ ಇನ್ನೊಬ್ಬನ ಬೆನ್ನ ಮೇಲೆ ಹಾಕಿದರು. ನಾನು ಕಾಗದ ಎತ್ತಿ "ಹಸ್ರು! ಅದು ಹಸ್ರು ಬೋಟು!" ಎಂದು ಕೂಗುತ್ತಿದ್ದೆ.

ಪುರ್ಸು ನನ್ನೆದುರು ಬಂದ. ಕಾಗದ ಕಿತ್ತು ನೋಡಿದ.

"ಎಲ್ಲಿ ಅದೆ ಹಸ್ರು?"

"ಕಂಪ್ಯೂಟರಲ್ಲಿ ಕಂಡೆ ಅಣ್ಣ. ಆಯಿ ಆಣೆ."

"ನಾ ಹಕ್ಕಿಯೊಳ್ಗೆ ಕಂಡೆ" ಎಂದು ಕಾಗದವನ್ನು ಮುದ್ದೆ ಮಾಡಿ ನನ್ನ ಬಾಯಿಗೆ ತುರುಕಿದ. ಹಿಂದೆಯೇ ಮುಷ್ಟಿಯಿಂದ ಗುದ್ದಿದ. ನನ್ನ ಒಂದು ಹಲ್ಲು ಅಲ್ಲಿಯೇ ಹೋಯಿತು. ಇದರಲ್ಲಿ ಅನುಮಾನವಿಲ್ಲ, ಜಾಗ ಈಗಲೂ ಖಾಲಿಯಿದೆ.

ನೆಲದಲ್ಲಿ ಬಿದ್ದಿದ್ದ ನನಗೆ ಆಮೇಲಿನದು ಕಾಲುಗಳ ಸಂದಿಯಿಂದ ಕಂಡದ್ದು. ಮಾವನನ್ನು ನಾಲ್ಕಾರು ಮಂದಿ ಕ್ರಷರಿಗೆ ಒತ್ತಿ ಹಿಡಿದಿದ್ದರು. ಅವನು "ಪುರ್ಸು, ಪುರ್ಸು, ಹೊರಗೆ ಹೋಗಿ ಬೋಟ್ ಕಾಣು" ಎನ್ನುತ್ತಿದ್ದ. ಪುರ್ಸು ಹತ್ತಿರ ಹೋದ. ಕ್ರಷರ್ ತಿರುಗುತ್ತಲೇ ಇತ್ತು. ಮಾವನ ಬಲಗೈ ಅದರ ಬಾಯಿಯಲ್ಲಿತ್ತು. ಆ ಮಣಿಕಟ್ಟನ್ನು ಪುರ್ಸು ಎರಡೂ ಕೈಯಿಂದ ಹಿಡಿದಿದ್ದ. ಹೊರಗೆ ಎಳೆಯುತ್ತಿದ್ದನೋ, ಒಳಗೆ ತಳ್ಳುತ್ತಿದ್ದನೋ. ಹಿಡಿದ ಕೈ ನೋಡಲು ಎರಡಕ್ಕೂ ಒಂದೇ ಥರ. ಸದ್ದು ಮಾತ್ರ ಐಸಿನದಾಗಿರಲಿಲ್ಲ. ಕೊಳವೆಯಿಂದ ಬೋಟಿನೊಳಗೆ ಬಿಳಿ ಪುಡಿಯ ಜೊತೆ ಕೆಂಪು ಪುಡಿ ಬಿತ್ತು.

ಇನಾಸ್ ಸ್ವಿಚ್ ಆರಿಸಿದ. ಅದೇ ಹೊತ್ತಿಗೆ ಯಾರೋ ಬೀಸಿದ ಸರಳು ಮೇಲಿನ ಪೈಪಿನ ಕೂಡಿಕೆಗೆ ಬಡಿದು ಅಮೋನಿಯ ಸೀಟಿ ಹೊಡೆಯುತ್ತ ಹೊರಬಂತು. ಕಣ್ಣು, ಮೂಗು, ಗಂಟಲು, ಎಲ್ಲಕ್ಕೂ ಒಟ್ಟಿಗೇ ಬೆಂಕಿ. ಹೊಡೆಯುವವರೂ ಹೊಡೆಸಿಕೊಂಡವರೂ ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲಿಗೆ ಓಡಿದರು. "ಭಾಯ್ರ್ ಚಲ್! ಹೊರಗೆ ಹೋಗ್ರೋ, ಸಾಯ್ತೀರಿ!" ಎನ್ನುತ್ತ ಇನಾಸ್ ಒದ್ದೆ ಗೋಣಿಚೀಲವನ್ನು ಮುಖಕ್ಕೆ ಸುತ್ತಿಕೊಂಡು ವಾಲ್ವಿನ ಕಡೆ ತೆವಳಿದ. ನಾನು ಮಾವನ ಅಂಗಿ ಹಿಡಿದು ಎಳೆದೆ. ಆ ಕಡೆಯಿಂದ ಪುರ್ಸುವೂ ಎಳೆಯುತ್ತಿದ್ದ ಎಂದು ಅನಿಸುತ್ತದೆ. ಕಣ್ಣು ಬಿಟ್ಟಿರಲಿಲ್ಲ, ಪ್ರಮಾಣ ಮಾಡಲಾರೆ.

ಹೆಬ್ಬೆರಳು ಉಳಿಯಿತು, ಅದರ ಪಕ್ಕದ ಬೆರಳಿನ ಅರ್ಧ. ಉಳಿದದ್ದನ್ನು ಆಸ್ಪತ್ರೆಯಲ್ಲಿ ತೆಗೆದರು. ಪೋಲೀಸರು ಮಂಚದ ಬಳಿ ಬಂದಾಗ ಮಾವ, "ನೆಲ ಒದ್ದೆ ಇತ್ತು. ನಾನೇ ಜಾರಿ ಕೈ ಕೊಟ್ಟೆ. ಯಾರೂ ಮುಟ್ಲಿಲ್ಲ" ಎಂದ. ಅವರು ಪುನಃ ಪುನಃ ಕೇಳಿದರು. ಪುನಃ ಪುನಃ ಅದನ್ನೇ ಹೇಳಿದ. ತಲೆಗೆ ಏಟು ತಿಂದವರದು ಬೇರೆ ಗಲಾಟೆಯಾಗಿ ಎರಡೂ ಊರಿನವರು ಕೂತು ಮುಗಿಸಿದರು. ಆಮೇಲೆ ಹಸಿರು ಬೋಟು ಯಾವ ಬಂದರಿನದೆಂದು ಗೊತ್ತಾಯಿತು, ಕೇಣಿಯ ಬಲೆಯ ತುಂಡು ಅದರಲ್ಲಿ ಸಿಕ್ಕಿತು. ಆ ಕೇಸು ಬೇರೆ.

ಪುರ್ಸು ಕೇಳಿದವರಿಗೆಲ್ಲ ಫೋನು ತೆಗೆದು ತೋರಿಸುತ್ತಿದ್ದ. "ನೀವೇ ನೋಡಿ. ನೀಲಿ ಹೌದೋ ಅಲ್ವೋ?" ನೋಡಿದವರು ಹೌದು ಎನ್ನುತ್ತಿದ್ದರು. ಹಕ್ಕಿಯದೇ ತಪ್ಪು ಎಂದು ಊರು ತೀರ್ಮಾನಿಸಿತು. ಆಯಿ ಒಬ್ಬಳು ಆ ಫೋನನ್ನು ನೋಡಲಿಲ್ಲ. ಮಾವನನ್ನು ಆಸ್ಪತ್ರೆಯಲ್ಲಿ ನೋಡಿ ಬಂದ ದಿನ ಅನ್ನದ ಪಾತ್ರೆಯನ್ನು ಪುರ್ಸುವಿನ ಮುಂದೆ ಇಟ್ಟು ಒಳಗೆ ಹೋದಳು.

"ಬಡ್ಸೂದಿಲ್ವನೇ ಆಯಿ?"

"ನನ್ ತಮ್ಮನ ಕೈ ತಿಂದ ಕೈಗೆ ನಾ ಬಡ್ಸೂದಿಲ್ಲ. ಹಾಕ್ಕಂಡು ತಿನ್ನು."

ಸಾಯುವವರೆಗೂ ಬಡಿಸಲಿಲ್ಲ. ಅಡಿಗೆ ಮಾಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಜ್ವರ ಬಂದರೆ ಹಣೆಗೆ ಬಟ್ಟೆ ಹಾಕುತ್ತಿದ್ದಳು. ಅನ್ನ ಮಾತ್ರ ಅವನೇ ಬಡಿಸಿಕೊಳ್ಳಬೇಕಿತ್ತು. ಇಷ್ಟು ವರ್ಷ ಇದಕ್ಕಿಂತ ಜೋರಿನ ಹೊಡೆತವನ್ನು ನಾನು ಬಂದರಿನಲ್ಲೂ ನೋಡಿಲ್ಲ.

ಹಕ್ಕಿಯೂ ಸತ್ತಿತು. ದೊಡ್ಡ ಪರದೆಯ ಫೋನುಗಳು ಬಂದವು, ದೂರದೇಶದಲ್ಲಿ ಪುಟ ಹಿಂಡಿ ಕಳಿಸುತ್ತಿದ್ದವರು ಯಂತ್ರ ನಿಲ್ಲಿಸಿದರು. ಹಕ್ಕಿ ಒತ್ತಿದರೆ ಸಂಪರ್ಕ ಸಿಗುವುದಿಲ್ಲ ಎಂಬ ಒಂದೇ ಸಾಲು. ಪುರ್ಸು ಹೊಸ ಫೋನು ಕೊಂಡ. ಆದರೆ ಹಳೆಯದನ್ನು ಬಿಸಾಡಲಿಲ್ಲ. ಬ್ಯಾಟರಿ ಉಬ್ಬಿದರೆ ಎಲ್ಲಿಂದಲೋ ಬೇರೆ ಹುಡುಕಿ ತಂದು ಹಾಕುತ್ತಿದ್ದ. ಹಕ್ಕಿಯೊಳಗೆ ಉಳಿಸಿಟ್ಟ ಆ ಒಂದು ಪುಟ ಮಾತ್ರ ಸಂಪರ್ಕವಿಲ್ಲದೆಯೂ ತೆರೆಯುತ್ತಿತ್ತು.

ಕೂದಲಿಗೆ ಬಣ್ಣ ಹಚ್ಚಿಸಿಕೊಂಡ ಆ ದಿನವೇ ಕೇಣಿಗೆ ಹೋದೆ. ಆಯಿಯ ವರ್ಷಾಂತಿಕ ಹತ್ತಿರ ಬಂದಿತ್ತು. ಮಾವನನ್ನು ಕರೆಯಬೇಕೋ ಬೇಡವೋ ಎಂಬ ಮಾತು ಬಂದಾಗ ಪುರ್ಸು ಎದ್ದು ಹೋಗಿ ಫೋನು ತಂದು ನನ್ನ ಕೈಗಿಟ್ಟ.

"ಇದನ್ನ ಮಾವಂಗೆ ತೋರ್ಸು. ಅವ್ರು ಒಂದ್ಸಲಾನೂ ಕಂಡದ್ದಿಲ್ಲ. ಅವ್ರೇ ಹೇಳ್ಲಿ, ಯಾವ ಬಣ್ಣ ಅಂತ. ಆಮೇಲೆ ಬರೂದಾದ್ರೆ ಬರ್ಲಿ."

ಮಾರನೆಯ ದಿನ ಬೈತಖೋಲಿಗೆ ಹೋದೆ. ಮಾವ ಜಗುಲಿಯಲ್ಲಿ ಎಡಗೈಯಿಂದ ಬಲೆ ಹೆಣೆಯುತ್ತಿದ್ದ. ಬಲಗೈಯ ಹೆಬ್ಬೆರಳಿನಿಂದ ದಾರ ಒತ್ತಿ ಹಿಡಿದುಕೊಂಡಿದ್ದ. "ಎಂತ ತಮಾ, ತಲೆಗೆ ಡಾಂಬರ್ ಬಳ್ಕಂಡಿದ್ಯಾ?" ಎಂದು ನಕ್ಕ. ನಾನು ಹಕ್ಕಿ ಒತ್ತಿ ಪುಟ ತೆರೆದು ಕೊಟ್ಟೆ. ಅದು ಏನೆಂದು ಹೇಳಬೇಕಾಗಲಿಲ್ಲ.

ಅವನು ಬಿಸಿಲಿಗೆ ಬೆನ್ನು ಮಾಡಿ ಕೂತ. ಬಹಳ ಹೊತ್ತು ನೋಡಿದ.

"ನೀಲಿ" ಎಂದ.

"ಹೌದಲ್ವಾ ಮಾವ?"

"ನೀಲಿನೇ. ನನ್ ಬೋಟಿನ ನೀಲಿನೇ." ಉಳಿದ ಹೆಬ್ಬೆರಳನ್ನು ಪರದೆಯ ಮೇಲಿಟ್ಟ. "ಬೋಟಿನ ಮೂತಿ ಕಾಣು."

ನನಗೆ ಏನೂ ಕಾಣಲಿಲ್ಲ.

"ಮೊಂಡು ಮೂತಿ. ನನ್ ಬೋಟಿಂದು ಚೂಪು, ಮೇಲೆ ಎದ್ಕಂಡಿತ್ತು. ಕಣ್ಣಿದ್ದವ್ರಿಗೆ ಕಾಣ್ತದೆ." ಫೋನು ನನ್ನ ಕಡೆ ಚಾಚಿದ. "ನಿಂಗೆ ಯಾವತ್ತೂ ಕಾಣ್ಲಿಲ್ಲ, ಬಿಡು. ನೀನು ಬಣ್ಣ ಬರ್ಲಿ ಅಂತ ಕಾಯ್ತಿದ್ದೆ. ಪುರ್ಸುಂಗೆ ಮೂತಿ ನಾನೇ ಕಲ್ಸಿದ್ದು. ಮರಳ ಮೇಲೆ ಕೂರ್ಸ್ಕಂಡು."

ಬಲೆ ಮತ್ತೆ ತೊಡೆಯ ಮೇಲೆಳೆದುಕೊಂಡ. ವರ್ಷಾಂತಿಕಕ್ಕೆ ಬರುತ್ತೀರಾ ಎಂದು ಕೇಳಿದೆ. ಅಕ್ಕನದಲ್ವಾ, ಬರ್ತೆ ಎಂದ.

ಅಂಕೋಲೆಯ ಬಸ್ಸಿನಲ್ಲಿ ಕೂತು ನಾನು ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಚೌಕಗಳಾಗಿ ಒಡೆಯಿತು. ಚಿಕ್ಕದು ಮಾಡಿ ದೂರ ಹಿಡಿದಾಗ ಕಂಡಿತು, ಮೊಂಡು ಮೂತಿ. ಅಥವಾ ಮಾವ ಹೇಳಿದ್ದರಿಂದ ಕಂಡಿತು. ಆ ದಿನ ಮರಳಿನ ಮೇಲೆ ಫೋನು ಹಿಡಿದ ಪುರ್ಸುವಿಗೆ ಏನು ಕಂಡಿತ್ತು, ಅವನ ಕೆನ್ನೆಯ ಮೇಲೆ ದೇವುವಿನ ಹೆಂಡತಿಯ ಬೆರಳು ಇನ್ನೂ ಉರಿಯುತ್ತಿದ್ದವೇನೋ, ಇದನ್ನೆಲ್ಲ ನಾನು ಹೊಲಿಯಬಲ್ಲೆ. ಹೊಲಿಯುವುದಿಲ್ಲ.

ಮನೆ ತಲುಪಿದಾಗ ಪುರ್ಸು ಅಡಿಗೆಮನೆಯಲ್ಲಿ ನೆಲದ ಮೇಲೆ ಕೂತು, ಪಾತ್ರೆಯಿಂದ ಅನ್ನ ಬಡಿಸಿಕೊಳ್ಳುತ್ತಿದ್ದ. ಫೋನನ್ನು ಅವನ ಪಕ್ಕ ಇಟ್ಟೆ.

"ತೋರ್ಸಿದ್ಯಾ?"

"ತೋರ್ಸಿದೆ."

"ಎಂತ ಅಂದ್ರು?"

"ನೀಲಿ ಅಂದ್ರು. ವರ್ಷಾಂತಿಕಕ್ಕೆ ಬತ್ರಂತೆ."

ಅವನ ಕೈ ಅನ್ನದ ಮೇಲೆ ನಿಂತಿತು. ತಲೆ ಎತ್ತಲಿಲ್ಲ.

"ಮೂತಿ ಬಗ್ಗೆ ಎಂತದೂ ಹೇಳ್ಲಿಲ್ವಾ?" ಎಂದ.